ಲಂಬ ಗುಂಡಿ ನಿವಾರಣೆ

ಜಕ್ಕೂರಿನ ಗುಂಡಿ ನಿವಾರಣಾ ಉಪವಿಭಾಗವು ಮಾರ್ಚ್ ತಿಂಗಳೊಳಗೆ ನೂರು ಗುಂಡಿಗಳನ್ನು ಮುಚ್ಚಿತೆಂಬುದು ದಾಖಲೆಯಲ್ಲಿರುವ ಸತ್ಯ. ತೊಂಬತ್ತೊಂಬತ್ತು ಮುಗಿಯುವಷ್ಟರಲ್ಲಿ ಉಳಿದವು ತೀರಾ ಆಳವೆಂದು ಕಂಡುಬಂದುದರಿಂದ, ನೂರನೆಯದಾಗಿ ಕೆರೆ ರಸ್ತೆಯ ಹಳೇ ಹೊಂಗೆ ಮರದ ಪೊಟರೆಯನ್ನು ಆಯ್ದುಕೊಳ್ಳಲಾಯಿತು. ಗುಂಡಿ ರಸ್ತೆಯಲ್ಲೇ ಇರತಕ್ಕದ್ದೆಂದು ಸುತ್ತೋಲೆಯಲ್ಲಿ ಎಲ್ಲೂ ಹೇಳಿರಲಿಲ್ಲ.

ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿಗಳಿದ್ದವು, ಗೇಣುದ್ದದ ಗೂಬೆಗಳು. ಮಿಕ್ಸರ್ ಸದ್ದಿಗೆ ಹಾರಿ ಕೇಬಲ್ ಮೇಲೆ ಕೂತು, ತಮ್ಮ ಮನೆಗೆ ಸಿಮೆಂಟು ಬೀಳುವುದನ್ನು ನೋಡಿದವು. ಮರದಡಿ ಸೊಪ್ಪು ಮಾರುವ ಮರಿಯಮ್ಮನಿಗೆ ಹೊಟ್ಟೆ ಉರಿಯಿತು. ಬುಟ್ಟಿ ಹೊತ್ತುಕೊಂಡೇ ಕಚೇರಿಗೆ ಹೋದಳು.

“ಸ್ವಾಮಿ, ಅವು ಮೊಟ್ಟೆ ಇಕ್ಕೋ ಕಾಲ. ಸುತ್ತ ಇರೋದೆಲ್ಲ ಅಪಾರ್ಟ್‌ಮೆಂಟು, ಎಲ್ಲೋಗ್ಬೇಕು? ಆ ಸಿಮೆಂಟು ತೆಗೆಸಿ.”

ಇಂಜಿನಿಯರ್ ಅನಂತರಾಜು ಫೈಲು ತೆರೆದರು. “ಅದು ಲಂಬ ಗುಂಡಿ ಕಣಮ್ಮ. ಮುಚ್ಚಿದ ಗುಂಡಿನ ಮೂರು ವರ್ಷ ತೆಗೆಯೋ ಹಾಗಿಲ್ಲ. ಗ್ಯಾರಂಟಿ ಪೀರಿಯಡ್ಡು.”

“ರಸ್ತೇಲಿ ಮುಚ್ಚಿದ್ದು ಮೂರೇ ದಿನಕ್ಕೆ ಕಿತ್ತೋಯ್ತಲ್ಲ?”

“ಅದು ತಾನಾಗೇ ಹೋಗಿದ್ದು, ನಾವು ತೆಗೆದಿದ್ದಲ್ಲ. ಏನಿದ್ರೂ ಬರೆದು ದೂರು ಪೆಟ್ಟಿಗೆಗೆ ಹಾಕಿ.”

ಜೆರಾಕ್ಸ್ ಅಂಗಡಿಯಲ್ಲಿ ದೂರು ಬರೆಸಿಕೊಂಡು ಮರಿಯಮ್ಮ ಹದಿನೈದು ದಿನದ ಮೇಲೆ ಬಂದಳು. ವರಾಂಡದ ಪೆಟ್ಟಿಗೆಯ ಬೀಗದ ಕೀ ಕಳೆದು ಹನ್ನೊಂದು ವರ್ಷ. ಬಾಯಿಯ ತಗಡು ಬಿದ್ದು ಮುಷ್ಟಿಯಗಲ ತೂತಾಗಿತ್ತು. ಕಾಗದ ಹಿಡಿದು ಕೈ ಚಾಚಿದರೆ, ಒಳಗಿನಿಂದ ಎರಡು ಹಳದಿ ಕಣ್ಣು ದಿಟ್ಟಿಸಿದವು.

“ಕೈ ತೆಗೀರಿ!” ಅನಂತರಾಜು ಓಡಿ ಬಂದರು. “ಮೊಟ್ಟೆ ಇದೆ.”

ಗೋಡೆಗೆ ಆಗಲೇ ಪ್ರಕಟಣೆ ಅಂಟಿಸಲಾಗಿತ್ತು: “ಸದರಿ ಪೆಟ್ಟಿಗೆಯನ್ನು ಸಂರಕ್ಷಿತ ಪೊಟರೆಯೆಂದು ಘೋಷಿಸಿದೆ. ಹಕ್ಕಿಯ ಬಾಣಂತನ ಮುಗಿಯುವವರೆಗೆ ಸಾರ್ವಜನಿಕರು ಯಾವುದೇ ಅಹವಾಲು ಹೊಂದಿರತಕ್ಕದ್ದಲ್ಲ.”

“ಇದರೊಳಕ್ಕೆ ಯಾರೂ ಕೈ ಆಕಲ್ವಾ ಸ್ವಾಮಿ?”

“ಹನ್ನೊಂದು ವರ್ಷದಿಂದ ನಮ್ಮ ಸ್ಟಾಫ್ ಒಬ್ರೂ ಹಾಕಿಲ್ಲ,” ಅನಂತರಾಜು ಎದೆಯುಬ್ಬಿಸಿ ಹೇಳಿದರು. “ಮುಂದಕ್ಕೂ ಹಾಕಲ್ಲ.”

ಆ ಕಚೇರಿಯ ಮಾತುಗಳಲ್ಲಿ ಮರಿಯಮ್ಮ ಪೂರ್ತಿ ನಂಬಿದ್ದು ಇದೊಂದನ್ನೇ. ದೂರನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿ, ಬುಟ್ಟಿಯನ್ನು ವರಾಂಡದಲ್ಲೇ ಇಳಿಸಿದಳು.

ಆ ತ್ರೈಮಾಸಿಕದಲ್ಲಿ ಉಪವಿಭಾಗಕ್ಕೆ ಬಂದ ದೂರುಗಳು ಸೊನ್ನೆ. ಹೆಬ್ಬಾಳ, ಯಲಹಂಕದ ಕಚೇರಿಗಳು ತಮಗೂ ಒಂದೊಂದು ಜೋಡಿ ಗೂಬೆ ಮಂಜೂರು ಮಾಡಬೇಕೆಂದು ಪತ್ರ ಬರೆದಿವೆ. ಈಗ ಬ್ಯಾಟರಾಯನಪುರದಿಂದ ದೂರು ಹೊತ್ತು ಬಂದವರು ಪೆಟ್ಟಿಗೆಯ ಮುಂದೆ ಚಪ್ಪಲಿ ಬಿಟ್ಟು, ಮರಿ ಎಷ್ಟೆಂದು ಪಿಸುದನಿಯಲ್ಲಿ ವಿಚಾರಿಸಿ, ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಮನೆಗೆ ಹೋಗುತ್ತಾರೆ.