ಅತಿಥಿಗೆ ಮೀಸಲಾದ ನಾಲಿಗೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗೈಯಗಲದ ಒಂದು ಮಾಂಸದ ತುಂಡು.

ಬೆಳಗಾಗುತ್ತಲೇ ಪೆರ್ಸಿದಾಳ ಅಂಗಳದಲ್ಲಿ ಹಂದಿ ಕೊಯ್ದಾಗಿತ್ತು. ನೆರೆಹೊರೆಯ ಹನ್ನೆರಡು ಜನ ತೋಳು ಮಡಚಿ ನಿಂತಿದ್ದರು, ಕೊಬ್ಬು ಕರಗಿಸುವ ಕಡಾಯಿ ಕಾದಿತ್ತು, ಬೆಳ್ಳುಳ್ಳಿ ಜಜ್ಜಿ ಮುಗಿದಿತ್ತು. ಆದರೆ ಪಶುವೈದ್ಯರ ಮುದ್ರೆ ಬೀಳುವ ತನಕ ಯಾರೂ ಒಂದು ಚೂರನ್ನೂ ಬಾಯಿಗಿಡುವಂತಿಲ್ಲ. ಹಂದಿಮಾಂಸದಲ್ಲಿ ಕಣ್ಣಿಗೆ ಕಾಣದ ಹುಳ ಇರಬಹುದು. ಹೋದ ವರ್ಷ ಪಕ್ಕದ ಊರಿನಲ್ಲಿ ಮುದ್ರೆಗೆ ಕಾಯದೆ ಉಂಡು, ಮದುವೆ ದಿಬ್ಬಣಕ್ಕೆ ದಿಬ್ಬಣವೇ ಆಸ್ಪತ್ರೆ ಸೇರಿತ್ತು.

ಪೆರ್ಸಿದಾ ಹಂದಿಯ ಎದೆಗೂಡಿನ ಕೆಳಗಿನ ಪೊರೆಯಿಂದ ಒಂದು ತುಂಡು ಕೊಯ್ದು, ಉಪ್ಪಿನಕಾಯಿಯ ಖಾಲಿ ಜಾಡಿಗೆ ಹಾಕಿ, ಅಳಿಯ ಗಾವ್ರನ ಕೈಗಿತ್ತಳು.

"ಅಳಿಯಂದ್ರೇ, ಇದನ್ನ ಸೀದಾ ಡಾಕ್ಟ್ರ ಕೈಗೆ ಕೊಡ್ಬೇಕು. ದಾರೀಲಿ ಎಲ್ಲೂ ನಿಲ್ಲೋ ಹಾಗಿಲ್ಲ. ಮಧ್ಯಾಹ್ನ ಊಟಕ್ಕೂ ಅವ್ರನ್ನ ಕರ್ಕೊಂಡು ಬನ್ನಿ. ನಾಲಿಗೆ ಅವ್ರಿಗೆ ಎತ್ತಿಟ್ಟಿದೀನಿ."

ಮುದ್ರೆ ಒತ್ತಿದವರಿಗೆ ಹಂದಿಯ ನಾಲಿಗೆ, ಅದು ಪೆರ್ಸಿದಾಳ ಮನೆಯ ಪದ್ಧತಿ. ಅವಳು ಅಳಿಯನನ್ನು ಬಹುವಚನದಲ್ಲಿ ಕರೆಯುವುದು ಅವನ ಮೇಲೆ ನಂಬಿಕೆ ಇಲ್ಲದಾಗ ಮಾತ್ರ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು, ಏಕವಚನ ಅವನ ಕಿವಿಗೆ ಇನ್ನೂ ಬಿದ್ದಿರಲಿಲ್ಲ.

ಗಾವ್ರ ಜಾಡಿಯನ್ನು ಕೋಟಿನೊಳಗೆ ಅವುಚಿಕೊಂಡು ಮಂಜಿನಲ್ಲಿ ಹೊರಟ. ಓಣಿಯ ತಿರುವಿನಲ್ಲೇ ಮಿಲುಟಿನ್ ಅಡ್ಡಗಟ್ಟಿದ. ಅವನ ಹಿತ್ತಿಲ ಕೊಟ್ಟಿಗೆಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಇಳಿಯುತ್ತಿತ್ತು. ಆ ಸಂಜೆಯೇ ಊರ ಸಭೆ. ಮನೆಮನೆಯ ಭಟ್ಟಿಗಳಿಗೆ ಬೀಗ ಜಡಿಯಬೇಕು, ಅಂಗಳದಲ್ಲಿ ಹಂದಿ ಕೊಯ್ಯುವುದನ್ನು ನಿಲ್ಲಿಸಬೇಕು ಎಂಬ ಹೊಸ ಕಾನೂನಿನ ಚರ್ಚೆ. ಕಾನೂನಿನ ಪರ ಮಾತಾಡುವವರು ಪಶುವೈದ್ಯ ಒಸ್ತೋಯಾ, ವಿರುದ್ಧ ಮಾತಾಡುವವನು ಮಿಲುಟಿನ್.

"ಗಾವ್ರಾ, ಕಾನೂನು ಬೇಡ ಅನ್ನೋ ಅರ್ಜಿಗೆ ಒಂದು ರುಜು ಹಾಕ್ಬಿಟ್ಟು ಹೋಗು!"

"ಅರ್ಜೆಂಟ್ ಇದೆ ಮಾರಾಯ, ಅತ್ತೆ ಕಾಯ್ತಿದಾರೆ."

"ರುಜು ಹಾಕೋಕೆ ಎಷ್ಟು ಹೊತ್ತು? ಇವತ್ತು ರಾಕಿಯಾ ಬೇಡ ಅಂತಾರೆ, ನಾಳೆ ಉಸಿರು ಬೇಡ ಅಂತಾರೆ. ಅಂಗಳದ ಹಂದಿ ಬಿಟ್ಟು ಅಂಗಡಿ ಮಾಂಸ ತಿನ್ಬೇಕಂತೆ! ಆ ಪ್ಲಾಸ್ಟಿಕ್ ಹಂದಿ ನನ್ನ ಮನೆ ಹೊಸ್ತಿಲು ತುಳಿದ್ರೆ ಕೇಳು."

ಗಾವ್ರ ಒಳಗೆ ಹೋದ. ಜಾಡಿಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ರುಜು ಹಾಕಿದ. ಹಬೆಯ ಆಚೆ ಯಾರೋ ಕೂತು ಕೆಮ್ಮಿದಂತಾಯಿತು. ಯಾರೆಂದು ನೋಡುವ ಪುರುಸೊತ್ತು ಅವನಿಗಿರಲಿಲ್ಲ. ಪಶು ಆಸ್ಪತ್ರೆಯ ಬಾಗಿಲು ತಟ್ಟಿ ಕೋಟಿನೊಳಗೆ ಕೈ ಹಾಕಿದಾಗ ಸಿಕ್ಕಿದ್ದು ಅವನ ಹೊಟ್ಟೆ ಮಾತ್ರ.

"ಡಾಕ್ಟ್ರು ಇಲ್ಲ," ಅಂದಳು ಒಳಗಿದ್ದ ಹೆಂಗಸು. "ಮಿಲುಟಿನ್ ಭಟ್ಟಿ ತಪಾಸಣೆಗೆ ಹೋಗಿದಾರೆ. ಬೆಳಗ್ಗೆ ಏಳಕ್ಕೇ ಹೋದ್ರು. ತುಂಬಾ ಕೂಲಂಕಷವಾಗಿ ತಪಾಸಣೆ ಮಾಡ್ತಾರೆ."

ಗಾವ್ರ ಬಿದ್ದಂಬೀಳ ಓಡಿ ಬಂದ. ಮಿಲುಟಿನ್ ಸೌದೆ ತರಲು ಹೋಗಿದ್ದ. ಭಟ್ಟಿಯ ಹಿಂದೆ ಡಾಕ್ಟರ್ ಒಸ್ತೋಯಾ ಒಬ್ಬರೇ ಕೂತಿದ್ದರು. ಮೂಗು ಕೆಂಪಗೆ, ಕಾಲ ಬುಡದಲ್ಲಿ ಖಾಲಿ ಲೋಟ, ಕೈಯಲ್ಲಿ ಖಾಲಿ ಕಡ್ಡಿ. ಕಟ್ಟೆಯೂ ಖಾಲಿ.

"ಡಾಕ್ಟ್ರೇ! ಇಲ್ಲೊಂದು ತುಂಡು ಮಾಂಸ ಇತ್ತಲ್ಲ?"

"ಇತ್ತು," ಅಂದರು ಡಾಕ್ಟರು ಬೆರಳು ನೆಕ್ಕುತ್ತಾ. "ಚೆನ್ನಾಗಿತ್ತು."

"ತಿಂದ್ಬಿಟ್ರಾ?"

"ಮತ್ತೇನು, ಪೂಜೆ ಮಾಡ್ಲಾ? ಕೆಂಡದ ಮೇಲೆ ಹೀಗೆ ತೋರಿಸಿದೆ, ಒಳಗೆ ಇನ್ನೂ ಕೆಂಪಗಿತ್ತು. ಹಾಗಿದ್ರೇ ರುಚಿ."

"ಅದು ನಮ್ಮತ್ತೆ ಹಂದೀದು ಡಾಕ್ಟ್ರೇ! ಪರೀಕ್ಷೆಗೆ ಅಂತ ನಿಮಗೇ ತಂದಿದ್ದು!"

ಡಾಕ್ಟರರ ಅಮಲು ಕಾದ ಹೆಂಚಿನ ಮೇಲಿನ ನೀರಿನಂತೆ ಆವಿಯಾಯಿತು. "ಅಯ್ಯೋ ದೇವರೇ! ಹುಳ ಇದ್ರೆ? ಗಾವ್ರಾ, ನನ್ನ ಕಣ್ಣು ನೋಡು, ಊದಿದೆಯಾ?"

"ಸ್ವಲ್ಪ ಊದಿದೆ. ಆದ್ರೆ ಅದು ರಾಕಿಯಾಗೋ ಹುಳಕ್ಕೋ ನನಗೆ ಹೇಗೆ ಗೊತ್ತಾಗ್ಬೇಕು?"

"ಬಾಯಿ ಬಿಟ್ಟೀಯಾ ಮತ್ತೆ!" ಡಾಕ್ಟರು ಅವನ ಎರಡೂ ಕೈ ಹಿಡಿದರು. "ಮದ್ಯದಿಂದ ಕರುಳು ಕೊಳೆಯುತ್ತೆ, ಮುದ್ರೆ ಇಲ್ಲದ ಮಾಂಸ ವಿಷ ಅಂತ ಸಂಜೆ ಭಾಷಣ ಇದೆ ಕಣಪ್ಪ ನಂದು. ಮಾನ ಹೋಗುತ್ತೆ. ಓಡು, ಇನ್ನೊಂದು ತುಂಡು ತಾ. ಈಗಲೇ ಪರೀಕ್ಷೆ ಮಾಡ್ತೀನಿ. ಇಲ್ಲಿದ್ದ ವಿಷಯ ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

ಗಾವ್ರ ಆಣೆ ಮಾಡಿದ. ಆದರೆ ಮನೆಗೆ ಬಂದು ನೋಡಿದರೆ ಪೊರೆಯ ಮಾಂಸವೆಲ್ಲ ಕೊಚ್ಚಿ, ಕೆಂಪು ಮೆಣಸಿನ ಪುಡಿ ಕಲಸಿ, ಕರುಳಿಗೆ ತುಂಬುತ್ತಿದ್ದರು. ಬಚ್ಚಲ ಹಿಂದೆ ನಿಂತು ಡಾಕ್ಟರಿಗೆ ಫೋನ್ ಮಾಡಿದ.

"ಪೊರೆ ಇಲ್ದಿದ್ರೆ ನಾಲಿಗೆ ತಾ," ಅಂದರು ಡಾಕ್ಟರು. "ಹುಳ ಇದ್ರೆ ನಾಲಿಗೇಲೂ ಸಿಗುತ್ತೆ."

"ಅದು ನಿಮ್ಮ ಊಟಕ್ಕೆ ಅಂತ ಎತ್ತಿಟ್ಟಿರೋದು!"

"ಬದುಕಿದ್ರಲ್ವೇನೋ ಊಟ! ಈಗ ಗಂಟಲೂ ಕೆರೀತಿದೆ, ಬೇಗ ಬಾ!"

ನಾಲಿಗೆ ಅಡುಗೆಮನೆಯ ಕಿಟಕಿಯಲ್ಲಿ ಬಿಳಿ ತಟ್ಟೆ ಮುಚ್ಚಿಕೊಂಡು ಮಲಗಿತ್ತು. ಗಾವ್ರ ಅದನ್ನೆತ್ತಿ ಟೊಪ್ಪಿಯೊಳಗಿಟ್ಟು, ಟೊಪ್ಪಿಯನ್ನು ತಲೆಗೇರಿಸಿ ಹೊರಬಿದ್ದ.

"ಆಯ್ತಾ ಅಳಿಯಂದ್ರೇ ಪರೀಕ್ಷೆ?" ಪೆರ್ಸಿದಾ ಅಂಗಳದಿಂದಲೇ ಕೂಗಿದಳು.

"ಆಗ್ತಾ ಇದೆ ಅತ್ತೆ. ಡಾಕ್ಟ್ರು ಭಾಳ ಮನಸ್ಸಿಟ್ಟು ಮಾಡ್ತಿದಾರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಡಾಕ್ಟರು ನಾಲಿಗೆಯನ್ನು ಚೂರುಚೂರು ಮಾಡಿ, ಗಾಜಿನ ನಡುವೆ ಒತ್ತಿ, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ಮೂರು ಮೂರು ಸಲ ನೋಡಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ಯಾವ ಹಂದಿಯನ್ನೂ ಇಷ್ಟು ಭಕ್ತಿಯಿಂದ ನೋಡಿರಲಿಲ್ಲ. ಕೊನೆಗೆ ಕುರ್ಚಿಗೊರಗಿ ಕಣ್ಣು ಮುಚ್ಚಿದರು.

"ಏನೂ ಇಲ್ಲ ಗಾವ್ರಾ. ಶುದ್ಧ ಇದೆ. ಬದುಕಿದೆ!"

ಇಬ್ಬರೂ ಅಪ್ಪಿಕೊಂಡರು. ಡಾಕ್ಟರ ಕಣ್ಣಲ್ಲಿ ನೀರೇ ಬಂತು. ಮುದ್ರೆ ಒತ್ತಿದ ಕಾಗದ ಹಿಡಿದು ಡಾಕ್ಟರ ಜೊತೆ ಅಂಗಳಕ್ಕೆ ಬಂದು ಊಟಕ್ಕೆ ಕೂತಾಗ ಗಾವ್ರನ ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಗಿತ್ತು. ಬೆಳಗಿನಿಂದ ಒಂದು ತುತ್ತೂ ತಿಂದಿಲ್ಲವೆಂದು ಅವನಿಗೆ ಆಗ ನೆನಪಾಯಿತು. ಮೇಜಿನ ಮೇಲೆ ಸಾಸೇಜು ಚುರುಗುಡುತ್ತಿತ್ತು, ಕೋಸಿನ ಪಲ್ಯದಿಂದ ಹಬೆ ಏಳುತ್ತಿತ್ತು.

"ನನ್ನ ನಾಲಿಗೆ ಎಲ್ಲಿ?"

ಅಡುಗೆಮನೆಯ ಬಾಗಿಲಲ್ಲಿ ಪೆರ್ಸಿದಾ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಬಾಯಿಂದ ಬಂದ ಆ ಪ್ರಶ್ನೆಗೆ ಬೇರೆ ದಿನವಾಗಿದ್ದರೆ ಗಾವ್ರ ನಕ್ಕುಬಿಡುತ್ತಿದ್ದ. ಈಗ ಅವನ ನಾಲಿಗೆಯೇ ಹೊರಳಲಿಲ್ಲ. ಡಾಕ್ಟರು ಮೇಜಿನ ಕೆಳಗೆ ಅವನ ಕಾಲು ತುಳಿದರು.

"ಡಾಕ್ಟ್ರಿಗೆ ಅಂತ ಇಟ್ಟಿದ್ದು! ಈ ನಾಯೀದೇ ಕೆಲಸ. ಮುದಿಯಾದ್ರೂ ಬುದ್ಧಿ ಬರ್ಲಿಲ್ಲ ಇದಕ್ಕೆ!" ಪೆರ್ಸಿದಾ ಪೊರಕೆ ಎತ್ತಿಕೊಂಡಳು. ಹಲ್ಲಿಲ್ಲದ ಮುದಿ ನಾಯಿ ಝುಚಾ ಅವಳನ್ನು ನೋಡಿ ಬಾಲ ಅಲ್ಲಾಡಿಸಿತು. ಆ ಮನೆಯಲ್ಲಿ ಗಾವ್ರನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದುದು ಅದೊಂದೇ.

"ನಾಯಿಗೆ ಹೊಡೀಬೇಡಿ ಅತ್ತೆ," ಅಂದುಬಿಟ್ಟ ಗಾವ್ರ. "ನಾನೇ ತಿಂದೆ."

ಪೆರ್ಸಿದಾಳ ಪೊರಕೆ ಗಾವ್ರನ ಕಡೆ ತಿರುಗಿತು.

"ಹಸೀದಾ?"

"ಹ್ಞೂಂ... ಹಸೀದೇ."

ಡಾಕ್ಟರು ಎದ್ದು ನಿಂತರು. "ನೋಡಿದ್ರಾ? ಕಾನೂನು ಯಾಕೆ ಬೇಕು ಅಂತ ಇದಕ್ಕೇ ಹೇಳೋದು ನಾನು!" ಭಾಷಣಕ್ಕೆ ಅಷ್ಟು ಒಳ್ಳೆಯ ಉದಾಹರಣೆ ಕಣ್ಣೆದುರೇ ಕೂತಿರುವಾಗ ಅವರಿಗೆ ತಡೆಯಲಾಗಲಿಲ್ಲ. ಗಾವ್ರ ಅವರನ್ನು ದುರುಗುಟ್ಟಿ ನೋಡಿದ. ಅವರು ಉಪ್ಪಿನ ಡಬ್ಬಿ ನೋಡುತ್ತಾ ಕೂತುಕೊಂಡರು.

ಅಷ್ಟರಲ್ಲಿ ಬೇಲಿಯಾಚೆಯಿಂದ ಯಾರೋ ಸೀಟಿ ಹೊಡೆದರು. ನೋಡಿದರೆ ಮಿಲುಟಿನ್. ಗಾವ್ರ ಎದ್ದು ಹೋದ, ಡಾಕ್ಟರೂ ಹಿಂದೆಯೇ ಬಂದರು.

"ಎಂಥ ಮರೆಗುಳಿನಯ್ಯ ನೀನು!" ಮಿಲುಟಿನ್ ಕೋಟಿನೊಳಗಿಂದ ಉಪ್ಪಿನಕಾಯಿ ಜಾಡಿ ತೆಗೆದ. ಮಾಂಸದ ತುಂಡು ಅದರಲ್ಲಿ ಹಾಗೆಯೇ ಕೂತಿತ್ತು. "ಒಲೆ ಹತ್ತಿರ ಕೆಟ್ಟು ಹೋಗುತ್ತೆ ಅಂತ ತಣ್ಣಗಿರೋ ಕಡೆ ಎತ್ತಿಟ್ಟಿದ್ದೆ."

"ಹಾಗಾದ್ರೆ ನಾನು ತಿಂದಿದ್ದು?" ಡಾಕ್ಟರು ಜಾಡಿಯನ್ನೇ ನೋಡುತ್ತಾ ಕೇಳಿದರು.

"ಅದಾ? ನಿನ್ನೆ ಪೇಟೆ ಅಂಗಡೀಲಿ ತಂದ..." ಮಿಲುಟಿನ್ ನಾಲಿಗೆ ಕಚ್ಚಿಕೊಂಡ. "ಯಾರಿಗೂ ಹೇಳ್ಬೇಡಿ ಮಹಾರಾಯ್ರೇ! ಸಂಜೆ ಅಂಗಡಿ ಮಾಂಸದ ವಿರುದ್ಧ ಮಾತಾಡ್ಬೇಕು ನಾನು."

"ಅಂಗಡೀದು! ಮುದ್ರೆ ಬಿದ್ದಿದ್ದು!" ಡಾಕ್ಟರು ಎದೆ ಮುಟ್ಟಿಕೊಂಡು ಬೇಲಿಗೊರಗಿದರು. ಎರಡನೇ ಸಲ ಬದುಕಿಕೊಂಡಿದ್ದರು.

"ಹಾಗಾದ್ರೆ ಬನ್ನಿ," ಅಂದ ಗಾವ್ರ, "ನಾಲಿಗೆ ಎಲ್ಲಿ ಹೋಯ್ತು ಅಂತ ಅತ್ತೆಗೆ ಹೇಳೋಣ."

"ಏನಂತ ಹೇಳೋಣ? ನಾನು ಬೆಳಗ್ಗೆ ಏಳಕ್ಕೆ ಭಟ್ಟೀಲಿದ್ದೆ ಅಂತಲಾ?"

"ನಾನು ಅಂಗಡೀಗೆ ಹೋಗಿದ್ದೆ ಅಂತಲಾ?"

ಕಾನೂನಿನ ಪರದವರೂ ವಿರುದ್ಧದವರೂ ಆ ಊರಿನಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಇಬ್ಬರೂ ಗಾವ್ರನ ಭುಜ ತಟ್ಟಿ, ನಿನ್ನಂಥ ಗೆಳೆಯ ಸಿಗಲ್ಲ ಎಂದು ಹೇಳಿ, ಒಟ್ಟಿಗೇ ಊಟಕ್ಕೆ ನಡೆದರು.

ಹೋಗಲಿ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಗಾವ್ರನೂ ನಿಟ್ಟುಸಿರು ಬಿಟ್ಟು ತನ್ನ ಜಾಗದಲ್ಲಿ ಕೂತು ಸಾಸೇಜಿಗೆ ಕೈ ಚಾಚಿದ. ಪೆರ್ಸಿದಾ ಅವನ ಮುಂದಿನ ತಟ್ಟೆಯನ್ನು ಎತ್ತಿ ಮಿಲುಟಿನ್ ಮುಂದಿಟ್ಟಳು.

"ಮುದ್ರೆ ಬೀಳೋಕ್ಕೆ ಮುಂಚೇನೇ ಉಂಡಾಯ್ತಲ್ಲ ಅಳಿಯಂದ್ರೇ," ಅಂದಳು. "ಮುದ್ರೆ ಬಿದ್ದಮೇಲೆ ನಿಮಗೆ ಇನ್ನೆಂಥ ಊಟ?"