ಅತ್ತೆ ವಿಚಾರಿಸಿದ ಹವಳ

ನಮ್ಮ ಸೋದರತ್ತೆ ದೇವರನ್ನು ನಂಬುತ್ತಾಳೆ. ಆದರೆ ದೇವರ ಬಗ್ಗೆಯೂ ಅಕ್ಕಪಕ್ಕದಲ್ಲಿ ಒಂದು ಮಾತು ಕೇಳಿಕೊಂಡೇ ನಂಬಿದ್ದಾಳೆ ಎಂದು ನನ್ನ ಗುಮಾನಿ! ಸವಣೂರಿನ ವೀಳ್ಯದೆಲೆ ಎಂದು ಮಾರುವವನು ಆಣೆ ಮಾಡಿದರೂ ಒಂದೊಂದೇ ಎಲೆ ತಿರುವಿ ನೋಡುತ್ತಾಳೆ. ಗಡಿಯಾರ ಸರಿಯಿದೆಯೇ ಎಂದು ತಿಳಿಯಲು ಶಿಗ್ಗಾಂವಿ ಬಸ್ಸಿನ ಹಾರ್ನಿಗೆ ಕಾಯುತ್ತಾಳೆ, ಬಸ್ಸು ಸರಿಯಾಗಿ ಬಂತೇ ಎಂದು ತಿಳಿಯಲು ಗಡಿಯಾರ ನೋಡುತ್ತಾಳೆ. ಎರಡೂ ಹೊಂದಿದರೆ ಅವಳ ಸಂಶಯ ಇನ್ನೂ ಹೆಚ್ಚುತ್ತದೆ.

ಇಂಥವಳಿಗೆ ನಮ್ಮ ಬಳಗ ವಹಿಸಿರುವ ಕೆಲಸ ವರನ ವಿಚಾರಣೆ. ಯಾರ ಮನೆಯ ಹೆಣ್ಣಿಗೆ ಸಂಬಂಧ ಬಂದರೂ ಹುಡುಗನ ಊರಿಗೆ ಮೊದಲು ಹೋಗುವವಳು ಹಾನಗಲ್ಲಿನ ಈ ಅತ್ತೆ. ಕೈಯಲ್ಲೊಂದು ಖಾಲಿ ಚೀಲ ಹಿಡಿದು ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿಯುತ್ತಾಳೆ. ಹಿಟ್ಟಿನ ಗಿರಣಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ನಳದ ಹತ್ತಿರ, ಯಾರದೋ ಮನೆ ಹುಡುಕುವವಳಂತೆ ಮಾತಿಗೆ ನಿಲ್ಲುತ್ತಾಳೆ. ನನ್ನ ಚಿಕ್ಕಪ್ಪನ ಮಗಳಿಗೆ ದುಂಡಸಿಯ ವರ ಬಂದಾಗಲೂ ಹೀಗೇ ಹೋಗಿ ಬಂದು, ಸಂಬಂಧ ಬೇಡವೆಂದಳು. ಹುಡುಗ ಕುಡಿಯುತ್ತಾನೆಯೇ? ಇಲ್ಲ. ಇಸ್ಪೀಟು? ಇಲ್ಲ. ಮತ್ತೇನು?

“ಊರ ಮಂದೆಲ್ಲಾ ಬಂಗಾರದಂಥಾ ಹುಡುಗ ಅಂದ್ರು. ಎಲ್ಲಾರೂ ಒಂದ ಮಾತು ಹೇಳ್ತಾರಂದ್ರ ಯಾರೋ ಹೇಳಿಕೊಟ್ಟಾರ.”

ಮತ್ತೊಮ್ಮೆ ಹೋಗಿ, ಹುಡುಗನಿಗೆ ಸಿಟ್ಟು ಸ್ವಲ್ಪ ಹೆಚ್ಚು ಎಂದು ಗಿರಣಿಯವನ ಬಾಯಿಂದ ಹೊರಡಿಸಿದ ಮೇಲೆಯೇ ಸಮಾಧಾನವಾಗಿ ಒಪ್ಪಿಗೆ ಕೊಟ್ಟಳು!

ನಾನು ಕರಾವಳಿಯಲ್ಲಿ ಸಮುದ್ರಜೀವಿಗಳನ್ನು ಅಭ್ಯಾಸ ಮಾಡುವವಳು. ಒಂದು ನಡುಗಡ್ಡೆಯ ಬುಡದ ಬಂಡೆಯಲ್ಲಿ ನನಗೊಂದು ಮೆದು ಹವಳ ಸಿಕ್ಕಿತ್ತು. ನಾನು ನೋಡಿದ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಹೊಸ ಪ್ರಭೇದವೆಂದು ವರ್ಣಿಸಿ ಬರೆದ ಲೇಖನವನ್ನು ಕಳಿಸುವುದೊಂದೇ ಬಾಕಿ. ಆದರೆ ಹಿಂದೆ ಯಾರೋ ಕಂಡು ಹೆಸರಿಟ್ಟದ್ದೇ ಇದಾಗಿದ್ದರೆ? ನನ್ನ ಇಷ್ಟು ವರ್ಷದ ದುಡಿಮೆಯೆಲ್ಲ ಸಮುದ್ರದಲ್ಲಿ ಹುಣಸೆಹಣ್ಣು ತೊಳೆದಂತೆ!

ಆ ಆತಂಕದಲ್ಲೇ ಊರಿಗೆ ಬಂದು ಅತ್ತೆಗೆ ಚಿತ್ರ ತೋರಿಸಿದೆ. ಹವಳ ಎಲ್ಲಾದರೂ ಮೆತ್ತಗಿರುತ್ತದೆಯೇ, ಇದು ಖೋಟಾ ಮಾಲು ಎಂದು ತನ್ನ ಕೊರಳ ಸರದ ಹವಳವನ್ನು ಕಚ್ಚಿ ತೋರಿಸಿದಳು. ಇದು ಪ್ರಾಣಿ, ಆದರೆ ಬಂಡೆ ಬಿಟ್ಟು ಕದಲುವುದಿಲ್ಲ ಎಂದೆ. ಅವಳ ಹುಬ್ಬು ಮೇಲೇರಿತು. ಒಂದೇ ಬುಡದಲ್ಲಿ ನೂರಾರು ಜೀವಗಳು ಕೂಡಿ ಬಾಳುತ್ತವೆ, ಪ್ರತಿಯೊಂದರ ಬಾಯಿಯ ಸುತ್ತ ಎಂಟೆಂಟು ಕೈ ಎಂದೆ. ಅಷ್ಟು ಮಂದಿ, ಅಷ್ಟು ಕೈ, ಜಗಳವಿಲ್ಲದೆ ಒಂದೇ ಮನೆಯಲ್ಲಿ ಇರುತ್ತಾರೆಂದರೆ ಯಾರು ನಂಬಬೇಕು ಎಂದಳು. ಮೈಯಲ್ಲಿ ಎಲುಬಿಲ್ಲ, ಮರಳಿನಷ್ಟು ಸಣ್ಣ ಸುಣ್ಣದ ಮುಳ್ಳುಗಳಿವೆ, ಅವುಗಳ ಆಕಾರ ನೋಡಿಯೇ ಗುರುತು ಹಿಡಿಯುವುದು ಎಂದಾಗ ಮಾತ್ರ ತಲೆಯಾಡಿಸಿದಳು. ಮೇಲೆ ಮೆತ್ತಗಿದ್ದವರ ಒಳಗೆ ಮುಳ್ಳಿರುವುದು ಅವಳಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ.

ಆಮೇಲೆ ಸುರುವಾಯಿತು ವಿಚಾರಣೆ. ಇದರ ಬಳಗ ಯಾವುದು? ಮಗ್ಗುಲ ನಡುಗಡ್ಡೆಯಲ್ಲಿ ಕೇಳಿದ್ದೀಯಾ?

“ಬ್ಯಾರೆ ಕಡೆ ಬ್ಯಾರೆ ಹೆಸರಿಟ್ಕೊಂಡು ಸಂಸಾರ ಹೂಡಿಲ್ಲ ಅಂತ ಏನ ಖಾತ್ರಿ?”

ನನ್ನ ಮಾರ್ಗದರ್ಶಕರೂ ಇದನ್ನೇ ಇಂಗ್ಲಿಷಿನಲ್ಲಿ ಕೇಳಿದ್ದರು. ಅತ್ತೆ ಕೇಳಿದಾಗ ಹೆದರಿಕೆ ಹೆಚ್ಚಾಯಿತು! ಲೇಖನವನ್ನು ತಡೆಹಿಡಿದೆ. ಬೇರೆ ನಡುಗಡ್ಡೆಗಳ ಸುತ್ತ ಮುಳುಗಿ ಹುಡುಕಿದೆ. ದೂರದ ಸಂಗ್ರಹಾಲಯಕ್ಕೆ ಹೋಗಿ, ಸೀಸೆಗಳಲ್ಲಿದ್ದ ಹಳೆಯ ಹವಳಗಳ ಮುಳ್ಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹೋಲಿಸಿದೆ. ನನ್ನದು ಯಾವುದಕ್ಕೂ ಹೊಂದಲಿಲ್ಲ. ಹೊಸದೇ! ಕೊನೆಗೆ ಲೇಖನ ಅಚ್ಚಾಯಿತು.

ಅಚ್ಚಾದ ಪುಟಗಳನ್ನು ಹಿಡಿದು ಹಾನಗಲ್ಲಿಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇಷ್ಟೂ ಪುಟ ಅದೊಂದರ ಬಗ್ಗೆಯೇ ಎಂದು ಕೇಳಿದಳು. ಹೌದು, ಅದರ ಬಣ್ಣ, ಎತ್ತರ, ಒಳಗಿನ ಮುಳ್ಳು, ಇರುವ ಜಾಗ, ಯಾರಿಗೆ ಹತ್ತಿರ, ಯಾರಿಂದ ಬೇರೆ, ಎಲ್ಲ ಇದೆ ಎಂದೆ. ಇದಕ್ಕೇನು ಹುಳುಕು ತೆಗೆಯುತ್ತಾಳೋ ಎಂದು ಕಾದೆ. ತೆಗೆಯಲಿಲ್ಲ. ಕೈ ಒರೆಸಿಕೊಂಡು ಚಿತ್ರದ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

“ಪುಣ್ಯಾ ಮಾಡೇತಿ ಬಿಡವ್ವ ಇದು. ನನ್ನ ಲಗ್ನದಾಗ ಇಷ್ಟು ಯಾರೂ ವಿಚಾರಿಸಲಿಲ್ಲ.”

ನನಗೆ ಅಳು ಬಂತು. ಅತ್ತೆಯನ್ನು ಹಿರೇಕೆರೂರು ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಗಂಡನಿಗೆ ಆಗಲೇ ಇನ್ನೊಂದು ಸಂಸಾರವಿತ್ತು. ವರ್ಷ ತುಂಬುವುದರೊಳಗೆ ಅವಳು ತವರಿಗೆ ಮರಳಿದಳು, ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಆ ಊರಿನ ಗಿರಣಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು, ಅಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಹಾನಗಲ್ಲಿನಿಂದ ಅಲ್ಲಿಗೆ ಆಗಲೂ ಬಸ್ಸಿತ್ತು. ಬೆಳಿಗ್ಗೆ ಹತ್ತಿದರೆ ಊಟದ ಹೊತ್ತಿಗೆ ತಿರುಗಿ ಬರಬಹುದಿತ್ತು. ಯಾರೂ ಹೋಗಿರಲಿಲ್ಲ.