ಮೂರನೇ ಸಿನಿಮಾಕ್ಕೆ ಅಕ್ಷತೆ

ನಮ್ಮ ಚಳ್ಳಕೆರೆಯಲ್ಲಿ ಪರದೆಯ ಮೇಲೆ ನಡೆಯುವುದಕ್ಕಿಂತ ಪರದೆಯ ಮುಂದೆ ನಡೆಯುವುದೇ ಹೆಚ್ಚು ಅಂತ ನನಗೆ ಮೊದಲು ಹೇಳಿದವಳು ನನ್ನ ನಾದಿನಿ. ಎರಡು ಸಾವಿರದ ಆಸುಪಾಸು. ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ಫಿಲಂ ಸೊಸೈಟಿ ಕಟ್ಟಿ, ಎಣ್ಣೆ ಮಿಲ್ಲಿನ ಸಾಹುಕಾರರ ಕಲ್ಯಾಣ ಮಂಟಪದಲ್ಲಿ ಭಾನುವಾರ ಸಂಜೆ ಯುರೋಪಿನ ಸಿನಿಮಾ ತೋರಿಸುತ್ತಿದ್ದರು. ಒಂದೇ ಕಥೆ, ಮೂರು ಸಿನಿಮಾ, ತಿಂಗಳಿಗೊಂದು. ಮೊದಲನೆಯದಕ್ಕೆ ನಾದಿನಿ ಹೋಗಿದ್ದಳು, ಉಳಿದೆರಡಕ್ಕೆ ನಾನು.

ಒಂದು

ದೋಣಿ ನಡೆಸುವವನೊಬ್ಬ, ಬೇಕರಿಯವಳೊಬ್ಬಳು. ಮಾತು ಕಮ್ಮಿ, ಮಂಜು ಜಾಸ್ತಿ. ಕೊನೆಗೆ ಅವಳು ರೈಲು ಹತ್ತಿದಳು, ಪರದೆ ಕಪ್ಪಾಯಿತು. ಯಾರೂ ಏಳಲಿಲ್ಲ.

“ಮುಗೀತು,” ಅಂದರು ಮೇಷ್ಟ್ರು.

“ಶುಭಂ ಅಂತ ಬರ್ಲಿಲ್ಲವಲ್ರೀ,” ಅಂದರು ಮೊಳಕಾಲ್ಮೂರಿನಿಂದ ಬಂದಿದ್ದ ರೇಷ್ಮೆ ಸೀರೆ ವ್ಯಾಪಾರಿ.

“ಶುಭ ಎಲ್ಲಿ ಆಗೈತೆ ಬರಕ್ಕೆ?” ಅಂದಳಂತೆ ನಾದಿನಿ.

ಎರಡು

ಎರಡನೆಯದರಲ್ಲಿ ಅವನು ಊರೂರು ಅಲೆದು ಅವಳನ್ನು ಹುಡುಕುತ್ತಾನೆ. ಮಂಡಕ್ಕಿ ಮೆಣಸಿನಕಾಯಿ ಆರಿಹೋಗ್ತದೆ ಅಂತ ಸಾಹುಕಾರರು ಬಲವಂತವಾಗಿ ಇಂಟರ್‌ವಲ್ ಬಿಡಿಸಿದರು. ಆಮೇಲೆ ಪ್ರೊಜೆಕ್ಟರಿನವನು ಕ್ಯಾಸೆಟ್ಟನ್ನು ತಪ್ಪಿ ಹಿಂದಕ್ಕೆ ಓಡಿಸಿ ಹಚ್ಚಿದ. ನೋಡಿದ್ದನ್ನೇ ಮತ್ತೆ ನೋಡಿದೆವು. ಮೇಷ್ಟ್ರನ್ನೂ ಸೇರಿಸಿ ಯಾರಿಗೂ ಆಗ ತಿಳಿಯಲಿಲ್ಲ.

ಸೀರೆ ವ್ಯಾಪಾರಿ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾ, “ಪಾಪಂ, ಎಷ್ಟು ಅಲೆದ್ರೂ ಅದೇ ಊರಿಗೇ ಬರ್ತಾನಲ್ರೀ,” ಅಂದರು.

ಸಾಹುಕಾರರು ಮಾತ್ರ ನಗಲಿಲ್ಲ. “ಮೇಷ್ಟ್ರೇ, ಮೂರನೇದಕ್ಕೂ ಜನ ಹಿಂಗೇ ಸಪ್ಪಗೆ ಎದ್ದು ಹೋದ್ರೆ ಮಂಟಪ ಕೊಡಕ್ಕಾಗಲ್ಲ ನೋಡ್ರಿ. ಮದ್ವೆ ಆಗೋ ಜಾಗ ಇದು.”

ಮೂರು

ಮೂರನೆಯದನ್ನು ತೋರಿಸುವ ಭಾನುವಾರ ಬೆಳಿಗ್ಗೆ ಮಂಟಪದಲ್ಲಿ ನಿಜವಾಗಿಯೂ ಒಂದು ಮದುವೆ ಮುಗಿದಿತ್ತು. ಸಂಜೆ ಸಿನಿಮಾಕ್ಕೆ ಮುಂದಿನ ಸಾಲಿನಲ್ಲಿ ಸಾಹುಕಾರರ ಅವ್ವ. ಪಕ್ಕದಲ್ಲಿ ಉಳಿದ ಅಕ್ಷತೆಯ ತಟ್ಟೆ.

ಸಿನಿಮಾದ ಕೊನೆಗೆ ಬಂದರಿನಲ್ಲಿ ಅವನೂ ಅವಳೂ ಎದುರುಬದುರು ನಿಂತರು. ಇಲ್ಲೂ ಮಾತಿಲ್ಲ. ಚರ್ಚಿನ ಗಂಟೆ ಢಣಢಣ ಹೊಡೆಯತೊಡಗಿತು. ಮೇಷ್ಟ್ರು ಬಾಗಿಲ ಬಳಿ ಉಗುರು ಕಚ್ಚುತ್ತಿದ್ದರು.

ಅವ್ವ ಎದ್ದರು. “ಗಟ್ಟಿಮೇಳ ಆಗಕ್ಕತ್ತೈತೆ, ಏನು ನೋಡ್ಕೊಂತ ಕುಂತೀರಿ?” ಎಂದು ಒಂದು ಹಿಡಿ ಅಕ್ಷತೆಯನ್ನು ಪರದೆಗೆ ಎರಚಿದರು. ತಟ್ಟೆ ಸಾಲು ಸಾಲು ಹಿಂದಕ್ಕೆ ಬಂತು. ಇಡೀ ಮಂಟಪ ಎರಚಿತು. ನಾನೂ ಎರಚಿದೆ. ಸಾಹುಕಾರರೂ ಎರಚಿ, “ಮುಂದಿನ ತಿಂಗಳು ಯಾವ್ದು ಹಾಕ್ತೀರಿ ಮೇಷ್ಟ್ರೇ?” ಅಂದರು.

ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. “ಸಿನಿಮಾ ಅರ್ಥ ಆಯ್ತಾ ಅವ್ವಾ?”

“ಆಗ್ದೆ ಏನು? ನಡುವೆ ಒಬ್ರು ದೊಡ್ಡೋರು ಕುಂತು ಮಾತಾಡಿದ್ರೆ ಮೊದಲನೇದ್ರಾಗೇ ಮುಗೀತಿತ್ತು.”

ಸೀರೆ ವ್ಯಾಪಾರಿ ಮಾತ್ರ ಅವತ್ತು ಬಂದಿರಲಿಲ್ಲ. ನೀವು ಮೊಳಕಾಲ್ಮೂರಿನ ಕಡೆ ಹೋದರೆ ಅವರಿಗೊಂದು ಮಾತು ಮುಟ್ಟಿಸಿ: ಹುಡುಗಿ ಸಿಕ್ಕಳು, ಮದುವೆ ಆಯಿತು, ಶುಭಂ.